ನಮ್ಮತ್ತೆಯ ಸಾವು ಯಾವ ಖಾನೆಗೆ?

ಮಾನ್ಯರೇ,

ಸಾವನದುರ್ಗದ ಮಗ್ಗುಲಲ್ಲಿರುವ ನಮ್ಮ ಹೊಂಗೆಪಾಳ್ಯದ ಬಸಪ್ಪನ ದಯೆಯಿಂದ ನಾವೆಲ್ಲ ಇಲ್ಲಿ ಸುಖವಾಗಿದ್ದೇವೆ. ತಾವೂ, ತಮ್ಮ ಮನೆಯವರೂ, ತಮ್ಮ ಆಫೀಸಿನ ಕಂಪ್ಯೂಟರುಗಳೂ, ಅವುಗಳ ಹೊಟ್ಟೆಯಲ್ಲಿ ನಮ್ಮ ದೂರುಗಳು ತಣ್ಣಗೆ ಮಲಗಿರುವ ನಾಲ್ಕು ಖಾನೆಗಳೂ ಸುಖವಾಗಿವೆಯೆಂದು ನಂಬಿದ್ದೇನೆ. ಸ್ವಯಂನಾದ ಸಿಸ್ಟಮ್ಸ್ ಕಂಪನಿಗೆ ಬಂದ ದೂರು ಯಾವ ಬಗೆಯದೆಂದು ತೀರ್ಮಾನಿಸುವ ದೊಡ್ಡ ಕುರ್ಚಿಯಲ್ಲಿ ಕೂತಿರುವ ತಮಗೆ ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಹೆಸರು ನನಗೆ ಗೊತ್ತಿಲ್ಲ. ಫೋನಿನಲ್ಲಿ ಸಿಗುವ ತಮ್ಮ ಕಂಪನಿಯ ಹುಡುಗಿ ನವ್ಯಶ್ರೀಯನ್ನು ಎಷ್ಟು ಕೇಳಿದರೂ, "ಅದನ್ನೆಲ್ಲ ಡಿಸೈಡ್ ಮಾಡೋದು ನಾನಲ್ಲ ಮೇಡಂ, ಮೇಲಿನವರು ವಿಂಗಡಿಸ್ತಾರೆ" ಎನ್ನುತ್ತಾಳೆ. ಮೇಲೆ ಕೂತು ವಿಂಗಡಿಸುವವನು ಬಸಪ್ಪನೊಬ್ಬನೇ ಎಂದು ಐವತ್ತು ವರ್ಷ ನಂಬಿದ್ದ ನನಗೆ, ಅವನ ಜೊತೆಗೆ ತಾವೂ ಇದ್ದೀರೆಂದು ತಿಳಿದು ಧೈರ್ಯ ಬಂದಿದೆ. ಫೋನಿನಲ್ಲಿ ಹೇಳಿದ್ದೆಲ್ಲ ಖಾನೆಗೆ ಹೋಗಿ ಮಲಗುವುದರಿಂದ, ಹತ್ತು ಜನ ಓದಲಿ ಎಂದು ಇದರ ಒಂದು ಪ್ರತಿಯನ್ನು ಮಾಗಡಿಯ ಪತ್ರಿಕೆಯವರಿಗೂ ಕೊಡುವವಳಿದ್ದೇನೆ. ತಾವು ಬೇಸರಪಡಬಾರದು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮತ್ತೆಯವರಾದ ದೊಡ್ಡಲಕ್ಷ್ಮಮ್ಮನವರು, ತಮ್ಮ ಕಂಪನಿಯ ನಗಾರಿ ಯಂತ್ರ ರಿಪೇರಿಯಾಗುವ ತನಕ ಸಾಯುವುದಿಲ್ಲವೆಂದು ಹಟ ಹಿಡಿದು ಮಲಗಿದ್ದಾರೆ. ತಾವು ಅದನ್ನು ರಿಪೇರಿಯೇ ಅಲ್ಲ ಎನ್ನುತ್ತಿದ್ದೀರಿ. ಇಬ್ಬರ ನಡುವೆ ಸಿಕ್ಕಿಕೊಂಡಿರುವವಳು ನಾನು.

ತಮ್ಮ ಯಂತ್ರದ ಮೇಲೆ ನನಗೆ ದ್ವೇಷವಿದೆ ಎಂದು ದಯವಿಟ್ಟು ತಿಳಿಯಬೇಡಿ. ಗುಡಿ ಸಮಿತಿಯ ದೇವರಾಜು ತನ್ನ ತೀರಿಹೋದ ತಂದೆಯ ಹೆಸರು ಬರೆಸಿ ಅದನ್ನು ಗುಡಿಗೆ ಕೊಟ್ಟಾಗ ಮೊದಲ ತೆಂಗಿನಕಾಯಿ ಒಡೆಸಿದವಳು ನಾನೇ. ಮಂಗಳಾರತಿಯ ಹೊತ್ತಿಗೆ ನಗಾರಿ ಬಡಿಯುವವರು ಸಿಗುತ್ತಿರಲಿಲ್ಲ, ಜಾಗಟೆ ಹಿಡಿಯುವವರಿಗೆ ಆ ಹೊತ್ತಿಗೇ ಹಾಲಿನ ಡೇರಿಗೆ ಹೋಗಬೇಕಾಗುತ್ತಿತ್ತು, ಪೂಜಾರಿ ನಟರಾಜು ಒಂದು ಕೈಯಲ್ಲಿ ಆರತಿ, ಇನ್ನೊಂದರಲ್ಲಿ ಗಂಟೆ ಹಿಡಿದು ಮೂರನೆಯ ಕೈ ಹುಡುಕುತ್ತಿದ್ದ. ಆಗ ಬಂದಿತು ತಮ್ಮ ಯಂತ್ರ. ತಾನೇ ಹೊತ್ತು ನೋಡಿಕೊಂಡು, ತಾನೇ ನಗಾರಿ ಬಡಿದು, ತಾನೇ ಜಾಗಟೆ ಹೊಡೆದು, ಊರಿನ ಸ್ಪೀಕರುಗಳಲ್ಲೆಲ್ಲ ಕೇಳಿಸಿ ಸುಮ್ಮನಾಗುತ್ತಿತ್ತು. ಅದಕ್ಕೆ ಬೀಡಿ ಬೇಡ, ಕಾಫಿ ಬೇಡ, ಸಮಿತಿಯವರ ಮೇಲೆ ಮುನಿಸಿಲ್ಲ. ದೇವರಾಜು ಆಗಾಗ ಫೋನ್ ನಂಬರು ಬದಲಿಸುವವನಾದ್ದರಿಂದ ಕಂಪನಿಗೆ ನನ್ನ ನಂಬರು ಕೊಟ್ಟರು. ಹೀಗಾಗಿ ಯಂತ್ರ ಕೆಮ್ಮಿದರೂ ತಮ್ಮ ಕಂಪನಿಯ ಮೆಸೇಜು ಬರುವುದು ನನಗೆ.

ಒಮ್ಮೆ ಅದು ನಡುಮಧ್ಯಾಹ್ನ ಸಂಜೆಯ ಮಂಗಳಾರತಿ ಹೊಡೆಯಿತು. ಹೊಲದಲ್ಲಿ ರಾಗಿ ಕಳೆ ಕೀಳುತ್ತಿದ್ದ ಹೆಂಗಸರು ಕತ್ತಲಾಯಿತೆಂದುಕೊಂಡು ಕೆಲಸ ಬಿಟ್ಟು ಬಂದರು. ಕತ್ತಲಾಗಿಲ್ಲವೆಂದು ಗೊತ್ತಾದ ಮೇಲೂ ತಿರುಗಿ ಹೋಗಲಿಲ್ಲ. ಫೋನು ಮಾಡಿದೆ. "ಇದು ದೋಷ ಮೇಡಂ, ಸರಿಪಡಿಸುವ ಕೆಲಸದಲ್ಲಿ ಬರತ್ತೆ" ಎಂದು ನವ್ಯಶ್ರೀ ಹೇಳಿದಳು, ಮಾರನೆಯ ದಿನವೇ ಬೆಂಗಳೂರಿನಿಂದಲೇ ಸರಿಯಾಯಿತು. ಆಮೇಲೆ ದೇವರಾಜು ಹೊಸ ಫೋನು ಕೊಂಡ, ಅದರಲ್ಲಿ ಯಂತ್ರದ ಆ್ಯಪು ತೆರೆಯಲಿಲ್ಲ. "ಇದು ಹೊಂದಿಸುವ ಕೆಲಸ" ಎಂದರು. ಒಂದಷ್ಟು ದಿನಕ್ಕೆ ಹೊಂದಿಕೊಂಡಿತು. ಇನ್ನೊಮ್ಮೆ ನಾವು ಯಾರೂ ಕೇಳದೇ ಇದ್ದರೂ ಯಂತ್ರ ಶಂಖ ಊದಲು ಕಲಿಯಿತು. ಅದು ಸಾಲದೆಂದು ಕೊನೆಯಲ್ಲಿ ಒಬ್ಬ ಹೆಂಗಸು, "ಭಕ್ತಾದಿಗಳೇ, ಇಂದಿನ ಮಂಗಳಾರತಿಯ ಅನುಭವ ಹೇಗಿತ್ತು? ನಿಮಗೆ ಶುಭವಾಗಲಿ" ಎಂದು ರಾಗವಾಗಿ ಕೇಳತೊಡಗಿದಳು. ಅದು ಉತ್ತಮಪಡಿಸುವ ಕೆಲಸವಂತೆ. ಮಳೆಗಾಲಕ್ಕೆ ಮುಂಚೆ ಒಬ್ಬ ಹುಡುಗ ಬಂದು ಡಬ್ಬ ಬಿಚ್ಚಿ, ಒಳಗೆ ನೋಡಿ, "ಚೆನ್ನಾಗೈತೆ" ಎಂದು ಮುಚ್ಚಿ ಹೋದ. ಅದು ಮುನ್ನೆಚ್ಚರಿಕೆಯ ಕೆಲಸ. ಹೀಗೆ ತಮ್ಮಲ್ಲಿರುವ ನಾಲ್ಕು ಬಗೆಯ ಕೆಲಸವನ್ನೂ ನಮ್ಮ ಬಸಪ್ಪ ತನ್ನ ಕಣ್ಣಿನಿಂದ ನೋಡಿ ಧನ್ಯನಾಗಿದ್ದಾನೆ.

ನನಗೂ ಈ ವಿಂಗಡಣೆ ಬಹಳ ಹಿಡಿಸಿತ್ತು. ಹೆಂಚು ಒಡೆದು ಸೋರಿದರೆ ಹೊಸದು ಹಾಕುವುದು ಸರಿಪಡಿಸುವುದು. ಸೌದೆ ಒಲೆ ಹೋಗಿ ಗ್ಯಾಸು ಬಂದಾಗ ನಿಂತು ಅಡಿಗೆ ಮಾಡಲು ಕಟ್ಟೆ ಕಟ್ಟಿಸಿದ್ದು ಹೊಂದಿಸುವುದು. ಹಜಾರಕ್ಕೆ ಗುಲಾಬಿ ಬಣ್ಣ ಬಳಿಸಬೇಕೆಂದು ನಮ್ಮ ಯಜಮಾನರು ಹೇಳುತ್ತಲೇ ಇರುವುದು ಉತ್ತಮಪಡಿಸುವುದು. ಮುಂಗಾರಿಗೆ ಮೊದಲು ಸೂರಿನ ಮೇಲೆ ಹತ್ತಿ ಹೆಂಚು ಕೈಯಾಡಿಸುವುದು ಮುನ್ನೆಚ್ಚರಿಕೆ. ನಮ್ಮ ಮನೆಯಲ್ಲಿ ಇವನ್ನೆಲ್ಲ ಒಟ್ಟಿಗೆ "ಕೆಲಸ" ಎನ್ನುತ್ತಿದ್ದೆವು, ಪಾಪ, ತಿಳಿವಳಿಕೆ ಇರಲಿಲ್ಲ. ಸೋರುವ ಜಾಗದ ಕೆಳಗೆ ಪಾತ್ರೆ ಇಟ್ಟುಕೊಂಡು ಇದು ಯಾವ ಬಗೆಯದೆಂದು ಕೂತು ಯೋಚಿಸುವ ಅಭ್ಯಾಸವೂ ಇರಲಿಲ್ಲ. ಅದನ್ನು ತಮ್ಮಿಂದ ಕಲಿಯುತ್ತಿದ್ದೇವೆ.

ಈಗ ನಮ್ಮ ಊರಿನ ಹಿರಿಯರಾಗಿದ್ದ ಬೋರಲಿಂಗಯ್ಯನವರ ವಿಷಯ. ತಾವು ಪಟ್ಟಣದಲ್ಲಿರುವವರು, ನಮ್ಮ ಊರಿನ ನಡವಳಿಕೆ ತಮಗೆ ತಿಳಿದಿರಲಿಕ್ಕಿಲ್ಲ. ಊರಿನಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ಊರು ಬಿಡುವ ತನಕ ಗುಡಿಯ ಬಾಗಿಲು ತೆಗೆಯುವುದಿಲ್ಲ. ದೀಪವಿಲ್ಲ, ಗಂಟೆಯಿಲ್ಲ, ಬಸಪ್ಪನಿಗೆ ಎಡೆಯೂ ಇಲ್ಲ. ಸತ್ತವರು ಊರಗೌಡರಾಗಲಿ, ದನ ಕಾಯುವವರಾಗಲಿ, ಅವರ ಮನೆಯವರ ಜೊತೆ ಬಸಪ್ಪನೂ ಉಪವಾಸ ಕೂರುತ್ತಾನೆ. ಮಣ್ಣು ಮಾಡಿ ಬಂದು, ಎಲ್ಲರೂ ಸ್ನಾನ ಮಾಡಿದ ಮೇಲೆ ಬಾಗಿಲು ತೆಗೆದು ದೀಪ ಹಚ್ಚುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಟರಾಜುವಿಗೆ ಯಾರೂ ಬರೆದು ಕೊಟ್ಟಿಲ್ಲ. ಅಳುವ ಸದ್ದು ಕೇಳಿದರೆ ಅವನ ಕೈ ತಾನಾಗಿ ಬೀಗದ ಕಡೆ ಹೋಗುತ್ತದೆ.

ಬೋರಲಿಂಗಯ್ಯನವರು ಬೆಳಕು ಹರಿಯುವ ಹೊತ್ತಿಗೆ ಹೋದರು. ನಟರಾಜು ಗುಡಿಗೆ ಬೀಗ ಹಾಕಿದ. ಯಂತ್ರ ಒಳಗಿತ್ತು. ದೇವರಾಜು ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೋಗಿದ್ದವನು, ಸುದ್ದಿ ಕೇಳಿ ಅಲ್ಲಿಂದಲೇ ಆ್ಯಪು ತೆರೆದು ನೋಡಿದರೆ ಅದರಲ್ಲಿ "ನಿಲ್ಲಿಸು" ಎನ್ನುವ ಗುಂಡಿ ಇಲ್ಲ, "ಮುಂದೂಡು" ಎನ್ನುವುದು ಮಾತ್ರ ಇದೆ. ಒತ್ತಿದ. ಬೆಳಗಿನ ಮಂಗಳಾರತಿ ನಿಂತಿತು. ಒಳ್ಳೆಯದಾಯಿತು ಎಂದುಕೊಂಡೆವು. ಚನ್ನಪಟ್ಟಣದ ಕಡೆಯಿಂದ ನೆಂಟರು ಬರುವುದು ತಡವಾಗಿ, ಹೆಣ ಎತ್ತುವ ಹೊತ್ತಿಗೆ ಸಂಜೆಯಾಯಿತು. ಚಟ್ಟವನ್ನು ಹೆಗಲಿಗೆ ಏರಿಸಿ ಗುಡಿಯ ಮುಂದಿನ ಬೀದಿಗೆ ಬಂದಿದ್ದಾರೆ, ಆಗ ತಮ್ಮ ಯಂತ್ರ ಬೆಳಗ್ಗೆ ಮುಂದೂಡಿದ್ದನ್ನೂ ಸಂಜೆಯದನ್ನೂ ಒಟ್ಟಿಗೆ ಸೇರಿಸಿ, ನಗಾರಿ, ಜಾಗಟೆ, ಶಂಖ ಎಲ್ಲವನ್ನೂ ಒಂದೇ ಉಸಿರಿಗೆ ಊರಿನ ಮೇಲೆ ಸುರಿಯಿತು.

ಮಾನ್ಯರೇ, ಹುಟ್ಟಿದಾಗಿನಿಂದ ಮಂಗಳಾರತಿಗೆ ಕೈಮುಗಿದ ಜನ ನಾವು. ತಲೆ ಯೋಚಿಸುವುದಕ್ಕೆ ಮುಂಚೆ ಕೈ ಹೋಗಿಬಿಡುತ್ತದೆ. ಎದೆ ಬಡಿದುಕೊಂಡು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಕೆನ್ನೆ ಕೆನ್ನೆ ತಟ್ಟಿಕೊಂಡರು, ನಾನೂ ತಟ್ಟಿಕೊಂಡೆ. ಚಟ್ಟ ಹೊತ್ತವರು ಗುಡಿಯ ಕಡೆ ತಿರುಗಿ ನಿಂತರು. ಮುಂದಿನ ಇಬ್ಬರು ಭಕ್ತಿಯಿಂದ ಕೈ ಎತ್ತಿಬಿಟ್ಟರು. ಹಿಂದಿನವನು, "ಲೇ, ಕೈ ಬುಡ್ಬ್ಯಾಡ್ರಲಾ, ದೊಡ್ಡಪ್ಪ ಜಾರ್ತಾವ್ನೆ!" ಎಂದು ಕೂಗಿಕೊಂಡ. ನಾಲ್ಕು ಜನ ಓಡಿ ಹಿಡಿದರು, ಬಸಪ್ಪ ಮಾನ ಉಳಿಸಿದ. ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ತಮ್ಮ ಆ ಹೆಂಗಸು ಬಂದು ಅನುಭವ ಹೇಗಿತ್ತೆಂದು ಕೇಳಿದಳು. ಒಂದು ಸಲವಲ್ಲ; ಬೆಳಗಿನದಕ್ಕೆ ಒಂದು, ಸಂಜೆಯದಕ್ಕೆ ಒಂದು.

ನಕ್ಕವರು ನಕ್ಕರು, ಸುಳ್ಳು ಹೇಳುವುದಿಲ್ಲ. ಆದರೆ ಬೋರಲಿಂಗಯ್ಯನವರ ಹೆಂಡತಿ ನಗಲಿಲ್ಲ. "ನಮ್ಮನೆಯೋರು ಇನ್ನೂ ಊರು ಬುಟ್ಟಿರ್ನಿಲ್ಲ, ಅಷ್ಟ್ರಲ್ಲೇ ಬಸಪ್ಪಂಗೆ ಹೊಟ್ಟೆ ಹಸೀತಾ?" ಎಂದು ಒಂದೇ ಮಾತು ಕೇಳಿದರು. ಅವತ್ತಿನಿಂದ ಆ ಯಮ್ಮ ಗುಡಿಯ ಕಡೆ ಮುಖ ಹಾಕಿಲ್ಲ. ಇದನ್ನೆಲ್ಲ ನಮ್ಮ ಜಗಲಿಯ ಮೇಲೆ ಕೂತು ನೋಡಿದ್ದವರು ನಮ್ಮತ್ತೆ. ಆಗ ಇನ್ನೂ ಗೋಡೆ ಹಿಡಿದು ಓಡಾಡುತ್ತಿದ್ದರು. ಆಮೇಲೆ ಹಾಸಿಗೆ ಹಿಡಿದರು. ಡಾಕ್ಟರು ನೋಡಿ, ವಯಸ್ಸಾಯಿತು, ಇನ್ನು ಏನು ಕೇಳುತ್ತಾರೋ ಕೊಡಿ ಎಂದರು. ನಮ್ಮತ್ತೆ ಕೇಳಿದ್ದು ಇದೊಂದೇ: "ನಾ ಸತ್ರೆ ನಂಗೋಸ್ಕರ ಬಸಪ್ಪ ಒಂದೊತ್ತು ಉಪಾಸ ಇರ್ಬೇಕು ಕಣವ್ವ. ಇನ್ನೇನೂ ಬ್ಯಾಡ. ಆ ಡಬ್ಬ ಸರಿಯಾಗೋಗಂಟ ನಾ ಸಾಯಾಕಿಲ್ಲ. ಯಮ ಬಂದ್ರೆ ಜಗಲಿ ಮ್ಯಾಲೆ ಕೂರ್ಸಿ ಒಸಿ ನೀರು ಕೊಡು."

ಯಂತ್ರವನ್ನೇ ಕಿತ್ತುಹಾಕಿ ಎಂದು ತಾವು ಹೇಳಬಹುದು. ವೈರು ಕಿತ್ತು ನೋಡಿದೆವು, ಒಳಗೆ ಬ್ಯಾಟರಿ ಇದೆ, ಸೇವೆಗೆ ಅಡ್ಡಿಯಾಗಬಾರದೆಂದು ತಾವು ಇಟ್ಟಿದ್ದು. ಡಬ್ಬಕ್ಕೆ ತಮ್ಮ ಸೀಲು. ಕಂಬಳಿ ಹೊದಿಸಿದೆವು, ಕಂಬಳಿಯೊಳಗಿಂದ ಶಂಖ ಇನ್ನೂ ಗಂಭೀರವಾಗಿ ಕೇಳಿಸಿತು. ಕೊನೆಗೆ ಎಲ್ಲರೂ ಸೇರಿ ಬಸಪ್ಪನ ಹತ್ತಿರವೇ ಪ್ರಸಾದ ಕೇಳಿದೆವು. ಯಂತ್ರ ತೆಗೆಯಬಹುದಾದರೆ ಬಲಗಡೆಯ ಹೂ ಕೊಡಪ್ಪ ಎಂದು ಬೇಡಿಕೊಂಡು ಕಾದೆವು. ಎಡಗಡೆಯ ಹೂ ಬಿತ್ತು. ಬೇಡ ಎಂದ. ದೇವರಾಜುವಿನ ಅಪ್ಪನ ಹೆಸರು ಅದರ ಮೇಲಿದೆ ಎಂದು ಬೇಡ ಎಂದನೋ, ತನಗೆ ಒಪ್ಪಿಸಿದ್ದನ್ನು ತಿರುಗಿ ತೆಗೆಯಬಾರದೆಂದೋ, ಶಂಖವೇ ಹಿಡಿಸಿತೋ, ಕೇಳಲು ನಾವು ಯಾರು? ಅವನು ಬೇಡ ಎಂದ ಮೇಲೆ ಮುಗಿಯಿತು. ಅದಕ್ಕೇ ತಮ್ಮ ಬಾಗಿಲಿಗೆ ಬಂದಿದ್ದೇನೆ.

ಬಂದರೆ ತಾವು ಖಾನೆ ಹುಡುಕಿದಿರಿ. ಇದು ದೋಷ, ಸರಿಪಡಿಸಿ ಎಂದೆ. ಯಂತ್ರ ಹೊತ್ತಿಗೆ ಸರಿಯಾಗಿ ಹೊಡೆದಿದೆ, ಮುಂದೂಡಿದ್ದನ್ನು ಮರೆಯದೆ ಹೊಡೆದಿದೆ, ಹೇಳಿದ್ದನ್ನೆಲ್ಲ ಮಾಡಿದೆ, ಆದ್ದರಿಂದ ದೋಷವಲ್ಲ ಎಂದು ಉತ್ತರ ಬಂತು. ಹೇಳಿದ ಮಾತು ತಪ್ಪದೆ ಕೇಳುವ ಇಂಥ ಗುಣವಂತ ಯಂತ್ರದ ಮೇಲೆ ದೂರು ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಹಾಗಾದರೆ ಹೊಂದಿಸುವ ಕೆಲಸಕ್ಕೆ ಹಾಕಿ ಎಂದೆ. ಸುತ್ತಮುತ್ತಲು ಏನಾದರೂ ಬದಲಾದರೆ ಮಾತ್ರ ಅದಕ್ಕೆ ಸೇರುತ್ತದೆ ಎಂದರು. ಬದಲಾಗಿದೆಯಲ್ಲ, ಬೋರಲಿಂಗಯ್ಯನವರು ಮೊದಲು ಇದ್ದರು, ಈಗ ಇಲ್ಲ ಎಂದೆ. ನವ್ಯಶ್ರೀ ಮೇಲಿನವರನ್ನು ಕೇಳಿ ಬಂದು, "ಯಂತ್ರ ಕೂರಿಸೋ ಮುಂಚೆನೂ ನಿಮ್ಮೂರಲ್ಲಿ ಸಾವು ಇತ್ತಲ್ವಾ ಮೇಡಂ, ಅದನ್ನ ಬದಲಾವಣೆ ಅನ್ನೋಕಾಗಲ್ವಂತೆ" ಎಂದಳು. ಇತ್ತು ತಾಯಿ, ಇತ್ತು. ಸರಿ, ಮುನ್ನೆಚ್ಚರಿಕೆಗೆ ಹಾಕಿ, ನಮ್ಮತ್ತೆಯವರು ಹೋಗುವುದಕ್ಕೆ ಮುಂಚೆ ಮಾಡಿಕೊಡಿ ಎಂದೆ. ಅದಕ್ಕೆ ಘಟನೆ ನಡೆಯುವ ಅಂದಾಜು ದಿನಾಂಕ ಬೇಕೆಂದು ಮೆಸೇಜು ಬಂತು. ನಮ್ಮತ್ತೆಗೆ ಓದಿ ಹೇಳಿದೆ. "ಅವ್ರು ಯಾವತ್ತು ಬತ್ತಾರೆ ಕೇಳು, ಆಮ್ಯಾಕೆ ನಾ ಯೋಳ್ತೀನಿ" ಎಂದರು. ಇಬ್ಬರೂ ದಿನಾಂಕ ಕೊಡಲಿಲ್ಲ.

ಕೊನೆಗೆ ತಾವು ಇದನ್ನು ಉತ್ತಮಪಡಿಸುವ ಕೆಲಸದ ಖಾನೆಗೆ ಹಾಕಿದಿರಿ. ಅಂದರೆ ಇದು ನಮ್ಮ ಹೊಸ ಆಸೆ. ಹಜಾರಕ್ಕೆ ಗುಲಾಬಿ ಬಣ್ಣವಿದ್ದ ಹಾಗೆ. ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಮುಂದೆ ಆ ಖಾನೆಯಲ್ಲಿ ಯಾವುದೋ ಊರಿನವರು ಕೇಳಿರುವ ತುತ್ತೂರಿ ಇದೆಯಂತೆ, ಇನ್ನೊಂದು ಗುಡಿಯವರ ಬಣ್ಣದ ಲೈಟು ಇದೆಯಂತೆ, ಅವೆಲ್ಲ ಆದ ಮೇಲೆ ನಮ್ಮ ಸಾವು. ನಡುವೆ ಒಂದು ದಿನ, "ನಿಮ್ಮ ಸಮಸ್ಯೆ ಬಗೆಹರಿದಿದೆಯೆಂದು ಭಾವಿಸಿ ದೂರನ್ನು ಮುಚ್ಚಲಾಗಿದೆ" ಎಂದು ಮೆಸೇಜು ಕಳಿಸಿದಿರಿ. ಭಾವಿಸುವುದಕ್ಕೆ ತಮ್ಮಷ್ಟು ದೊಡ್ಡ ಮನಸ್ಸು ನಮಗಿಲ್ಲ. ಇದ್ದಿದ್ದರೆ ಮಳೆ ಬಂದಿದೆಯೆಂದು ಭಾವಿಸಿ ರಾಗಿ ಕೊಯ್ಯುತ್ತಿದ್ದೆವು.

ಊರಿನವರ ಬಾಯಿಗೆ ಇದೊಂದು ತಮಾಷೆಯಾಗಿದೆ. ಪಕ್ಕದ ಮನೆಯ ಪುಟ್ಟಿ ದಿನಾ ಬಂದು, "ಏನಕ್ಕ, ನಿಮ್ಮತ್ತೆಗೆ ಕಂಪ್ನಿಯಿಂದ ಆರ್ಡರ್ ಬಂತಾ?" ಎಂದು ಕೇಳುತ್ತಾಳೆ. ಒಳಗಿನಿಂದ ನಮ್ಮತ್ತೆ, "ನಿಂಗ್ಯಾಕಮ್ಮಿ ಅರ್ಜೆಂಟು? ನಿನ್ನ ಹಿತ್ಲಿಗೆ ನಾನೇನು ಅಡ್ಡ ಮಲಗಿದ್ದೀನಾ?" ಎಂದು ಬೈಯುತ್ತಾರೆ. ಬೈದ ಮೇಲೆ ಉಸಿರು ಸಿಕ್ಕದೆ ಬಹಳ ಹೊತ್ತು ಒದ್ದಾಡುತ್ತಾರೆ. ಎದೆ ಸವರುತ್ತಾ ಕೂರುತ್ತೇನೆ. ಕಣ್ಣು ಮುಚ್ಚಿಕೊಂಡೇ, ಮೆಸೇಜು ಬಂತಾ ಎಂದು ಕೇಳುತ್ತಾರೆ. ಇಲ್ಲ ಎಂದರೆ, ಹಾಗಾದರೆ ಒಂದು ಲೋಟ ಗಂಜಿ ಕೊಡು, ಕಾಯಬೇಕಲ್ಲ ಎನ್ನುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಬಿನ್ನಹಗಳಿವೆ. ಸಾಫ್ಟ್‌ವೇರು ಬದಲಿಸುವುದು ಕಷ್ಟವಾದರೆ ಯಮಧರ್ಮನ ಆಫೀಸಿಗೆ ಒಂದು ಮಾತು ಹೇಳಿ. ನಮ್ಮ ಊರಿನವರನ್ನು ಬೆಳಗಿನ ಮಂಗಳಾರತಿ ಮುಗಿದ ಮೇಲೆ ಕರೆದುಕೊಂಡು ಹೋಗಿ, ಸಂಜೆಯದಕ್ಕೆ ಮೊದಲು ಮಣ್ಣಾಗುವ ಹಾಗೆ ನೋಡಿಕೊಳ್ಳಲಿ. ತಾವೂ ಹೊತ್ತು ನೋಡುವವರು, ಅವನೂ ಹೊತ್ತು ನೋಡುವವನು, ಪರಿಚಯವಿರಬಹುದು. ಅದೂ ಆಗದಿದ್ದರೆ, ನಮ್ಮ ಊರಿನಲ್ಲಿ ಸಾವಾದ ದಿನ ತಾವು ಖುದ್ದಾಗಿ ಬಂದು ಚಟ್ಟದ ಮುಂದಿನ ಬಲಭುಜಕ್ಕೆ ನಿಲ್ಲಿ. ಶಂಖ ಊದಿದಾಗ ಇದು ಯಾವ ಬಗೆಯದೆಂದು ಅಲ್ಲೇ ವಿಂಗಡಿಸಬಹುದು, ಆದರೆ ಕೈ ಬಿಡಬಾರದು.

ಇದಾವುದೂ ಆಗದಿದ್ದರೆ ಒಂದು ಐದನೆಯ ಖಾನೆ ಮಾಡಿ. ಅದಕ್ಕೆ ಮರ್ಯಾದೆಯ ಕೆಲಸ ಎಂದು ಹೆಸರಿಡಿ. ಯಂತ್ರ ಕೆಟ್ಟಿರುವುದಿಲ್ಲ, ಸುತ್ತಮುತ್ತ ಬದಲಾಗಿರುವುದಿಲ್ಲ, ಯಾರೂ ಚೆಂದ ಕೇಳಿರುವುದಿಲ್ಲ. ಆದರೂ ಅದು ಹಾಗೆ ನಡೆದುಕೊಳ್ಳಬಾರದು, ಅಷ್ಟೇ. ನಟರಾಜುವಿನ ಕೈಗೆ ಗೊತ್ತಿರುವುದನ್ನು ಯಂತ್ರಕ್ಕೆ ಹೇಳಬೇಕಾಗುತ್ತದೆಂದು ನಮಗೂ ಮೊದಲು ಹೊಳೆಯಲಿಲ್ಲ, ತಮಗೂ ಹೊಳೆಯಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ. ಈಗ ಹೇಳಿದ್ದೇವಲ್ಲ. ಹೇಳಿದ ಮೇಲೂ ಅದು ಯಾವ ಖಾನೆಯದೆಂದು ನೋಡುತ್ತಾ ಕೂರುವುದು ಮಾತ್ರ ದೋಷವೇ ಸರಿ, ಅದನ್ನು ಯಾವ ಖಾನೆಗೆ ಬೇಕಾದರೂ ಹಾಕಿಕೊಳ್ಳಿ. ಒಂದು ಗುಂಡಿ ಸಾಕು. ಒತ್ತಿದರೆ ನಿಲ್ಲಬೇಕು, ನಿಂತದ್ದನ್ನು ಆಮೇಲೆ ತೀರಿಸಬಾರದು. ಒಂದು ಹೊತ್ತು ಬಸಪ್ಪ ನಮ್ಮ ಜೊತೆ ಸುಮ್ಮನೆ ಕೂತಿರಲಿ.

ಹೆಚ್ಚು ಬರೆದಿದ್ದರೆ ಕ್ಷಮೆಯಿರಲಿ. ಬಸಪ್ಪನು ತಮ್ಮನ್ನೂ, ತಮ್ಮ ಖಾನೆಗಳನ್ನೂ, ನವ್ಯಶ್ರೀಯ ಗಂಟಲನ್ನೂ ಚೆನ್ನಾಗಿಟ್ಟಿರಲಿ.

ನಾಲ್ಕು ಖಾನೆಗಳ ಆಚೆ ನಿಂತು ಕಾಯುತ್ತಿರುವ
ತಮ್ಮ ವಿಶ್ವಾಸಿ,
ಶಿವಲಿಂಗಮ್ಮ
ಹೊಂಗೆಪಾಳ್ಯ, ಮಾಗಡಿ ತಾಲ್ಲೂಕು

ಮರೆತ ಮಾತು: ಪತ್ರ ಮುಗಿಸಿ ಅಂಟು ಹಚ್ಚುವಷ್ಟರಲ್ಲಿ ತಮ್ಮ ಮೆಸೇಜು ಬಂತು. ನಮ್ಮ ದೂರನ್ನು ಮೇಲಿನವರು ಮತ್ತೊಮ್ಮೆ ಪರಿಶೀಲಿಸಿ, ಇದು ದೋಷವೇ ಎಂದು ಒಪ್ಪಿ, ಸರಿಪಡಿಸುವ ಖಾನೆಗೆ ಬದಲಾಯಿಸಿದ್ದಾರೆ, ಗುರುವಾರ ಇಂಜಿನಿಯರು ಬರುತ್ತಾರೆ ಎಂದು ಅದರಲ್ಲಿತ್ತು. ಸಂತೋಷ ತಡೆಯಲಾರದೆ ನಮ್ಮತ್ತೆಗೆ ಗಟ್ಟಿಯಾಗಿ ಓದಿಬಿಟ್ಟೆ. ಅವರು ಟ್ರಂಕಿನಿಂದ ತಮ್ಮ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಲು ಹೇಳಿದರು. ಕನಕಪುರದಲ್ಲಿರುವ ಮಗಳಿಗೆ ಬುಧವಾರ ಬಂದು ಹೋಗುವಂತೆ ಫೋನು ಮಾಡಿಸಿದರು. ನನ್ನ ಕೈ ಹಿಡಿದುಕೊಂಡು, "ನಿಂಗೆ ಬೋ ತೊಂದ್ರೆ ಕೊಟ್ಬುಟ್ಟೆ ಕಣವ್ವ, ಇನ್ನೇನು ಮುಗೀತು" ಎಂದರು. ಗಂಜಿ ಕೊಟ್ಟರೆ, ಇನ್ನು ಯಾಕೆ ಎಂದರು. ಮಾನ್ಯರೇ, ಇಪ್ಪತ್ತೆಂಟು ವರ್ಷ ಅವರ ಕೈಯಲ್ಲಿ ಬೈಸಿಕೊಂಡಿದ್ದೇನೆ, ಒಂದು ದಿನವೂ ಇಷ್ಟು ಮೆತ್ತಗೆ ಮಾತಾಡಿದವರಲ್ಲ. ಆದ್ದರಿಂದ ಮೇಲೆ ಬರೆದದ್ದನ್ನೆಲ್ಲ ಓದಿ ಮರೆತುಬಿಡಿ. ತಾವು ಮೊದಲು ಹೇಳಿದ್ದೇ ಸರಿ, ಇದು ದೋಷವಲ್ಲ, ನಮ್ಮ ಆಸೆ, ತುತ್ತೂರಿಯ ಹಿಂದೆಯೇ ಇರಲಿ. ಕಂಪನಿಯವರು ಮತ್ತೆ ಮನಸ್ಸು ಬದಲಿಸಿದರೆಂದು ಒಂದು ಮೆಸೇಜು ಕಳಿಸಿ, ಗಟ್ಟಿಯಾಗಿ ಓದಿ ಹೇಳುತ್ತೇನೆ. ಇಷ್ಟು ದಿನ ಬಾರದೆ ದೊಡ್ಡ ಉಪಕಾರ ಮಾಡಿದ್ದೀರಿ, ಇನ್ನೊಂದಷ್ಟು ದಿನ ಮಾಡಿ.